ಬಳುವಳಿ ಹಸುವಿನ ಮದ್ದು

ನನ್ನ ಬಲಗೈಗೆ ಒಂದು ಕೆಟ್ಟ ಚಾಳಿಯಿದೆ. ಯಾರದಾದರೂ ಬೇಲಿ ಕಂಡರೆ, ಕಾಂಪೌಂಡಿನಿಂದಾಚೆ ಒಂದು ನುಗ್ಗೆ ಕೊಂಬೆ ಬಾಗಿದ್ದರೆ, ನಾನು ಏನೋ ಯೋಚನೆಯಲ್ಲಿ ನಡೆಯುತ್ತಿರುವಾಗ ಅದು ತಾನಾಗಿ ಚಾಚಿ ಒಂದು ಹಿಡಿ ಸೊಪ್ಪು ಕಿತ್ತುಬಿಡುತ್ತದೆ. ಕಿತ್ತದ್ದನ್ನು ಸೆರಗಿನ ತುದಿಗೆ ಕಟ್ಟಿಯೂ ಬಿಡುತ್ತದೆ. ಮನೆಗೆ ಬಂದು ಸೆರಗು ಬಿಚ್ಚಿದಾಗಲೇ ನನಗೆ ತಿಳಿಯುವುದು. ಮೊನ್ನೆ ಮಂಡ್ಯದ ನಮ್ಮ ಬೀದಿಯ ತುದಿಮನೆಯಾಕೆ ಗೇಟಿನ ಹಿಂದೆಯೇ ನಿಂತಿದ್ದಳು. "ಕೇಳಿದ್ರೆ ನಾನೇ ಕೊಡ್ತಿದ್ನಲ್ಲ ಕಣಮ್ಮ. ಸಾರಿಗಾ?" ಎಂದಳು. ಸಾರಿಗಲ್ಲ, ಹಸುವಿಗೆ ಎಂದುಬಿಟ್ಟೆ. ಆಕೆ ಕತ್ತು ಚಾಚಿ ನಮ್ಮ ಮನೆಯ ಕಡೆ ನೋಡಿದಳು. ನಮ್ಮದು ಮಹಡಿಯ ಮೇಲಿನ ಬಾಡಿಗೆ ಮನೆ. ಮೆಟ್ಟಿಲು ಹತ್ತುವುದಕ್ಕೆ ನಮಗೇ ಕಷ್ಟ, ಹಸು ಹೇಗೆ ಹತ್ತೀತು?

ಇನ್ನೊಂದು ಚಾಳಿಯನ್ನೂ ಹೇಳಿಬಿಡುತ್ತೇನೆ. ನಾನು ಬಸ್ ಸ್ಟ್ಯಾಂಡಿನಲ್ಲಿ ಕೂರುವವಳಲ್ಲ. ಕಲ್ಲುಬೆಂಚು ಖಾಲಿಯಿದ್ದರೂ ಅತ್ತಿಂದಿತ್ತ ತಿರುಗುತ್ತಿರುತ್ತೇನೆ. ಇವೆರಡೂ ನನಗೆ ಅಂಟಿಕೊಂಡದ್ದು ಒಂದೇ ಕಾಲದಲ್ಲಿ, ಎಪ್ಪತ್ತರ ದಶಕದ ನಡುವಿನಲ್ಲಿ, ನನ್ನ ಮದುವೆಯಾದ ಹೊಸತರಲ್ಲಿ. ಕಾರಣ ಒಂದು ಹಸು. ಅದಕ್ಕೆ ಗಬ್ಬ ನಿಲ್ಲುವವರೆಗೆ ನಾನು ಗಂಡನ ಮನೆಗೆ ಹೋಗುವ ಹಾಗಿರಲಿಲ್ಲ.

ನಮ್ಮವ್ವನ ಕಡೆ ಒಂದು ಪದ್ಧತಿ. ಹೆಣ್ಣು ಗಂಡನ ಮನೆಗೆ ಹೊರಟರೆ ಅವಳ ಜೊತೆ ಗಬ್ಬದ ಹಸು ಹೋಗಬೇಕು. ಪಾತ್ರೆ ಪಡಗ ಕಡಿಮೆಯಾದರೆ ನಡೆಯುತ್ತದೆ, ಚಿನ್ನದ ಮಾತಂತೂ ಬಿಡಿ, ಅದು ನಮ್ಮಂಥವರ ಮನೆಯ ವಿಚಾರವಲ್ಲ. ಹಸು ಮಾತ್ರ ತಪ್ಪಬಾರದು. ಹೊಸ ಮನೆಯಲ್ಲಿ ಹುಡುಗಿ ಇನ್ನೂ ಬಾಯಿ ಬಿಡುವುದಕ್ಕೆ ಮೊದಲೇ ಅವಳ ಹಸು ಈದು, ಮನೆಮಂದಿಗೆಲ್ಲ ಗಿಣ್ಣು ತಿನ್ನಿಸಿ, ಅವಳಿಗೊಂದು ಮರ್ಯಾದೆ ಸಂಪಾದಿಸಿ ಕೊಡಬೇಕು. ಅವ್ವ ಶಿವನಸಮುದ್ರದ ಹತ್ತಿರದ ತನ್ನ ತೌರಿನಿಂದ ಹಲಗೂರಿನ ಪಕ್ಕದ ನಮ್ಮೂರಿಗೆ ಹಾಗೆಯೇ ಬಂದವಳು. "ನಾನು ಕಾಲಿಟ್ಟು ವಾರ ಆಗಿರ್ನಿಲ್ಲ, ಅಸ ಕರ ಆಕ್ತು. ಆಮ್ಯಾಕೆ ನಿಮ್ಮಜ್ಜಿ ನನ್ನ ಬೈಯಾಕೆ ಬಾಯ್ ತಗುದ್ರೆ ಬಾಯ್ತುಂಬ ಗಿಣ್ಣಿರಾದು" ಎಂದು ಹೇಳಿಕೊಂಡು ನಗುತ್ತಿದ್ದಳು.

ಈ ಪದ್ಧತಿ ಒಮ್ಮೆ ಕೈಕೊಟ್ಟಿತು. ನನಗೆ ಒಬ್ಬಳೇ ಅಕ್ಕ, ನಾಗಕ್ಕ. ಅವಳನ್ನು ಮದ್ದೂರಿನ ಕಡೆಯ ನಾಲೆ ಬಯಲಿನ ಊರಿಗೆ ಕೊಟ್ಟಿದ್ದರು. ಅವಳ ಜೊತೆಗೆ ಹೊರಟಿದ್ದು ತುಂಬೆ ಎಂಬ ಬಿಳಿಯ ಕಡಸು. ಹೋರಿ ಕೊಡಿಸಿದ ಮೇಲೆ ಅದು ಮತ್ತೆ ಬೆದೆಗೆ ಬಂದದ್ದನ್ನು ಅವ್ವ ಕಂಡಿರಲಿಲ್ಲ. ಗಬ್ಬ ನಿಂತಿದೆ ಎಂದು ನಂಬಿ ಹಣೆಗೆ ಕುಂಕುಮವಿಟ್ಟು ಕಳಿಸಿದಳು. ತುಂಬೆ ಗಬ್ಬವಾಗಿರಲಿಲ್ಲ. ಆಮೇಲೂ ಆಗಲಿಲ್ಲ. ವರ್ಷಗಳು ಕಳೆದವು, ನಾಗಕ್ಕನಿಗೂ ಮಗುವಾಗಲಿಲ್ಲ. ಆ ಮನೆಯಲ್ಲಿ ಬೆಳಿಗ್ಗೆ ಕೊಟ್ಟಿಗೆಯಲ್ಲಿ "ಗೊಡ್ಡು" ಎಂದರೆ ತುಂಬೆ, ಸಂಜೆ ಒಲೆಯ ಮುಂದೆ "ಗೊಡ್ಡು" ಎಂದರೆ ನಾಗಕ್ಕ. ಒಂದೇ ಮಾತಿನಲ್ಲಿ ಎರಡು ಕೆಲಸ ಮುಗಿಸುವ ಜಾಣ ಜನ. ಇದನ್ನು ನಾಗಕ್ಕ ಒಂದು ಗೌರಿಹಬ್ಬಕ್ಕೆ ಬಂದಾಗ ನನಗೆ ತಲೆ ಬಾಚುತ್ತಾ ಹೇಳಿದಳು. ಅತ್ತುಕೊಂಡು ಹೇಳಲಿಲ್ಲ, ಹೇನು ಹೆಕ್ಕಿದಷ್ಟೇ ನಿಧಾನವಾಗಿ ಹೇಳಿದಳು. ಒಳಗೆ ರಾಗಿ ಕೇರುತ್ತಿದ್ದ ಅವ್ವನ ಮೊರದ ಸದ್ದು ನಿಂತುಹೋಯಿತು.

ಅಂದೇ ಅವ್ವ ತೀರ್ಮಾನಿಸಿರಬೇಕು. ನನ್ನ ಮದುವೆ ನಡೆಯಿತು, ನಾಲ್ಕಾರು ದಿನ ಗಂಡನ ಮನೆಯಲ್ಲಿದ್ದು ಶಾಸ್ತ್ರ ಮುಗಿಸಿ ತೌರಿಗೆ ಬಂದೆ. ಬಂದವಳನ್ನು ಅವ್ವ ಮತ್ತೆ ಕಳಿಸಲಿಲ್ಲ. "ಒಂದ್ಸಲ ನಂಬಿ ಕೆಟ್ಟಿವ್ನಿ. ಕೆಂದಿ ಒಟ್ಟೆ ನನ್ನ ಕಣ್ಣಿಗೆ ಕಾಣ್ಬೇಕು, ಆಮ್ಯಾಕೆ ಇವ್ಳು ಒರಡಾದು" ಎಂದಳು. ಕೆಂದಿ ನನ್ನ ಪಾಲಿನ ಹಸು, ಕೆಂಪು ಮೈಯದು, ಮಹಾ ಗರ್ವದ್ದು. ಬೀಗರು ಮರ್ಯಾದಸ್ಥರು, ಆಗಲಿ ಎಂದು ತಲೆಯಾಡಿಸಿದರು. ಇನ್ನೇನು ಒಂದು ತಿಂಗಳ ಮಾತು ಎಂದುಕೊಂಡೆವು. ಕೆಂದಿಯ ಮನಸ್ಸಿನಲ್ಲಿ ಬೇರೆ ಲೆಕ್ಕವಿತ್ತು.

ದನ ಸಾಕಿದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಸಾಕದವರಿಗೆ ಹೇಳುತ್ತೇನೆ. ಹಸು ಬೆದೆಗೆ ಬರುತ್ತದೆ, ಹೋರಿಯ ಹತ್ತಿರ ಹೊಡೆದುಕೊಂಡು ಹೋಗುತ್ತೀರಿ, ಮನೆಗೆ ಬರುತ್ತೀರಿ. ಆಮೇಲೆ ಸುಮಾರು ಮೂರು ವಾರ ಉಸಿರು ಬಿಗಿಹಿಡಿದು ಕಾಯುವುದು. ಮತ್ತೆ ಬೆದೆಗೆ ಬರದಿದ್ದರೆ ನಿಂತಿತು. ಬಂದರೆ, ನಮ್ಮ ಕಡೆ ಹೇಳುವ ಹಾಗೆ, ತಿರುಗಿತು. ಕೆಂದಿ ಪ್ರತಿ ಸಲವೂ ತಿರುಗುತ್ತಿದ್ದಳು. ಆ ವಾರಗಳಲ್ಲಿ ನಾನು ಎಲ್ಲಿಯೂ ಕೂರಲಾರೆ. ಗುಡಿಸಿದ ಅಂಗಳವನ್ನೇ ಗುಡಿಸುವೆ. ಊಟದ ನಡುವೆ ಎದ್ದು ಕೊಟ್ಟಿಗೆಗೆ ಹೋಗಿ ನೋಡಿ ಬರುವೆ. ಕೆಂದಿ ಸುಮ್ಮನೆ ಒಂದು ಸಲ ಅರಚಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿದ್ದೆ. ಅದು ನೀರು ಕೇಳುತ್ತಿತ್ತೋ ಹೋರಿ ಕೇಳುತ್ತಿತ್ತೋ ತಿಳಿಯುತ್ತಿರಲಿಲ್ಲ.

ಅವ್ವ ಮದ್ದು ಶುರು ಮಾಡಿದಳು. ಅದು ಅವಳ ತೌರಿನ ಕಡೆಯ ಮದ್ದು, ಅದರಲ್ಲಿ ಗುಟ್ಟೇನೂ ಇಲ್ಲ. ಬೆದೆ ಇಳಿದ ಮೇಲೆ ಕೆಲವು ದಿನ ಬಿಳಿ ಮೂಲಂಗಿ, ಆಮೇಲೆ ಕೆಲವು ದಿನ ಲೋಳೆಸರ, ಆಮೇಲೆ ನುಗ್ಗೆಸೊಪ್ಪು, ಮಂಗರವಳ್ಳಿ, ಕೊನೆಗೆ ಕರಿಬೇವು. ಎಲ್ಲವನ್ನೂ ಬೆಲ್ಲ, ಉಪ್ಪು ಹಾಕಿ ಜಜ್ಜಿ ಉಂಡೆ ಮಾಡಿ ತಿನ್ನಿಸುವುದು. ಇದಲ್ಲದೆ ಗುಡ್ಡದ ಕಡೆಯಿಂದ ಹಲವು ಮಕ್ಕಳ ತಾಯಿ ಎನ್ನುವ ಶತಾವರಿಯ ಬೇರನ್ನು ಅಗೆದು ತಂದು, ರಸ ಹಿಂಡಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಕತ್ತೆತ್ತಿ ಕುಡಿಸುವುದು. ಆ ಬೇರಿನ ಹೆಸರನ್ನು ಅವ್ವ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಆ ಬೇರು ತತ್ತಾ" ಎನ್ನುತ್ತಿದ್ದಳು. ನಾಗಕ್ಕನ ನೆನಪಾಗುತ್ತಿತ್ತು ಎಂದು ಕಾಣುತ್ತದೆ.

ಸೊಪ್ಪು ಹೊಂಚುವ ಕೆಲಸ ನನ್ನದು. ನನಗಿಂತ ಹೆಚ್ಚು ಅವಸರ ಇನ್ಯಾರಿಗಿತ್ತು? ಊರಿನ ನುಗ್ಗೆ ಮರಗಳನ್ನೆಲ್ಲ ಬೋಳಿಸಿಬಿಟ್ಟೆ. ಪೂಜಾರಿಯ ಹಿತ್ತಲಿನ ಕರಿಬೇವಿಗೆ ನಾನು ಕೈಯಿಟ್ಟ ಮೇಲೆ ಆ ಮನೆಯ ಒಗ್ಗರಣೆಗೆ ಘಮವೇ ಇಲ್ಲವಾಯಿತಂತೆ. ಕೊಟ್ಟರೆ ತರುತ್ತಿದ್ದೆ, ಕೊಡದಿದ್ದರೂ ತರುತ್ತಿದ್ದೆ. ಮದ್ದಿನ ಬೆಲ್ಲದಲ್ಲಿ ಅರ್ಧ ನನ್ನ ಬಾಯಿಗೆ ಹೋಗುತ್ತಿತ್ತು ಎಂಬುದೂ ನಿಜ. ನಮ್ಮ ಸೀಮೆಯ ಬೆಲ್ಲವನ್ನು ಕೈಯಲ್ಲಿ ಹಿಡಿದು ಬಾಯಿಗೆ ಹಾಕದೆ ಇರುವುದು ಸಂನ್ಯಾಸಿಗಳಿಗೆ ಮಾತ್ರ ಸಾಧ್ಯ, ನಾನು ಆಗಷ್ಟೇ ಸಂಸಾರಕ್ಕೆ ಹೊರಟು ನಿಂತವಳು. ಮಂಗರವಳ್ಳಿಯ ವಿಷಯ ಮಾತ್ರ ಬೇರೆ. ಅದನ್ನು ಜಜ್ಜಿದ ಕೈ ಬೆಳಗಿನಿಂದ ಸಂಜೆಯವರೆಗೂ ನವೆ. ಹೊಸ ಬಳೆ ತೊಟ್ಟ ಮದುವಣಗಿತ್ತಿ ಊರ ನಡುವೆ ಎರಡೂ ಕೈ ಕೆರೆದುಕೊಂಡು ಓಡಾಡುವ ಚೆಂದ ನೀವು ನೋಡಬೇಕಿತ್ತು.

ಈ ಅವತಾರದಲ್ಲೇ ನಾನು ಹಲಗೂರಿನ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದದ್ದು. ನಮ್ಮ ಯಜಮಾನರು ಬಸ್ ಕಂಡಕ್ಟರು. ಅವರ ಊರು ಕೊಕ್ಕರೆ ಬೆಳ್ಳೂರಿನ ಪಕ್ಕ. ಅವರ ಬಸ್ಸು ಮದ್ದೂರು, ಮಳವಳ್ಳಿ ಮೇಲೆ ಹಲಗೂರಿಗೆ ಬಂದು ಸ್ವಲ್ಪ ಹೊತ್ತು ನಿಂತು ಹೋಗುತ್ತಿತ್ತು. ಹಿಂಡಿ ತರುವ ನೆಪ, ಉಪ್ಪು ತರುವ ನೆಪ, ಏನೂ ಸಿಗದಿದ್ದರೆ ಹೊಟ್ಟೆನೋವಿನ ನೆಪ ಮಾಡಿಕೊಂಡು ಹೋಗುತ್ತಿದ್ದೆ. ಬಸ್ಸು ಬರುವವರೆಗೆ ಕೂರಲಾಗದೆ ತಿರುಗುತ್ತಿದ್ದೆ. ಬಂದ ಮೇಲೆ ನಮ್ಮ ಪ್ರೇಮಸಲ್ಲಾಪ ಹೀಗೆ.

"ಏನಾಯ್ತು?"

"ತಿರುಗ್ತು."

"ಇನ್ನೊಂದ್ಸಲಾನಾ?"

"ಊ."

ಅವರು ಫುಟ್‌ಬೋರ್ಡಿನ ಮೇಲೆ ನಿಂತು ಚರ್ಮದ ಚೀಲ ಸರಿಮಾಡಿಕೊಳ್ಳುತ್ತಿದ್ದರು. ನಾನು ಕೈ ಕೆರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕಿಟಕಿಯೊಳಗಿನಿಂದ ಒಬ್ಬ ಮುದುಕಪ್ಪ, "ನಮ್ಮೂರಲ್ಲಿ ಒಳ್ಳೆ ಓರಿ ಅದೆ ಕಣವ್ವ, ಅಲ್ಲಿಗೆ ಒಡ್ಕಂಡ್ ಬಾ" ಎನ್ನುತ್ತಿದ್ದ. ಹಿಂದಿನ ಸೀಟಿನ ಹೆಂಗಸು, "ಓರಿ ಏನ್ ಮಾಡೀತು, ಮೊಳಕೆ ಕಾಳು ತಿನ್ಸು" ಎನ್ನುತ್ತಿದ್ದಳು. ಕೆಲವು ತಿಂಗಳಲ್ಲಿ ಡ್ರೈವರು ಕೂಡ ಸ್ಟಿಯರಿಂಗಿನ ಮೇಲೆ ಮೊಣಕೈಯಿಟ್ಟು, "ಇನ್ನೂ ಇಲ್ವಾ ತಾಯಿ?" ಎಂದು ಕೇಳತೊಡಗಿದ. ಮದ್ದೂರಿನಿಂದ ಹಲಗೂರಿನವರೆಗೆ ಕೆಂದಿಯ ಹೊಟ್ಟೆಯ ಸಮಾಚಾರ ತಿಳಿಯದವರು ಯಾರೂ ಉಳಿಯಲಿಲ್ಲ.

ಒಂದು ದಿನ ನನಗೆ ತಡೆಯದಾಯಿತು. "ನಾನು ಬರೀ ಕೈಲೇ ಓಯ್ತೀನಿ, ಕಳ್ಸವ್ವ. ನಾನೇನು ಅಸದ ಜೊತೆ ಮದ್ವೆ ಆಗಿದ್ದೀನಾ?" ಎಂದೆ.

ಅವ್ವ ಲೋಳೆಸರದ ಮುಳ್ಳು ಸವರುತ್ತಿದ್ದಳು. ತಲೆಯೆತ್ತಲಿಲ್ಲ. "ಬರೀ ಕೈಲಿ ಓದೋಳಿಗೆ ಬರೀ ಮಾತೇ ಸಿಕ್ಕಾದು ಕಣೆ. ಬೇಯೋಗಂಟ ತಡ್ದೋಳು ಆರೋಗಂಟ ತಡೀಬಾರ್ದಾ?" ಎಂದಳು.

ನಾನು ಬೇಯುವುದನ್ನೇ ಕಂಡಿರಲಿಲ್ಲ, ಇನ್ನು ಆರುವುದೆಲ್ಲಿಂದ. ಆದರೆ ಅವ್ವನಿಗೆ ಎದುರಾಡಿ ಗೆದ್ದವರಿಲ್ಲ.

ಇಂಥ ಒಂದು ಸಂಜೆ, ದನಗಳು ಮನೆಗೆ ಮರಳುವ ಹೊತ್ತಿಗೆ, ಮಳವಳ್ಳಿಯ ಕಡೆಯ ದಾರಿಯಲ್ಲಿ ಒಂದು ಬಿಳಿ ಹಸುವೂ ಒಬ್ಬ ಹೆಂಗಸೂ ಬರುವುದು ಕಂಡಿತು. ಹತ್ತಿರ ಬಂದ ಮೇಲೆ ನೋಡಿದರೆ ನಾಗಕ್ಕ ಮತ್ತು ತುಂಬೆ. ಮಳವಳ್ಳಿಯಲ್ಲಿದ್ದ ನಮ್ಮ ಸೋದರತ್ತೆಯ ಮನೆಯಲ್ಲಿ ರಾತ್ರಿ ತಂಗಿದ್ದು, ನಡೆದೇ ಬಂದಿದ್ದಳು. ತುಂಬೆಗೆ ಹೊಟ್ಟೆ ಡೊಳ್ಳಾಗಿತ್ತು, ಬೆನ್ನೆಲುಬು ಎದ್ದು ಕಾಣುತ್ತಿತ್ತು.

"ಈ ಅಸ ನಮ್ದಲ್ಲ, ನಿಮ್ಮವ್ವಂದು, ಅಲ್ಲೇ ಕಟ್ಟಾಕು ಅಂದ್ರು" ಎಂದಳು ನಾಗಕ್ಕ. "ಕರ ಆಕೋ ಅಸ ತಂದ್ರೆ ಬಾ, ಇಲ್ದಿದ್ರೆ ನೀನೂ ಅಲ್ಲೇ ಇರು ಅಂದ್ರು."

ಅವ್ವ ತುಂಬೆಯ ಹಗ್ಗ ತೆಗೆದುಕೊಂಡು ಕೆಂದಿಯ ಪಕ್ಕದ ಗೂಟಕ್ಕೆ ಕಟ್ಟಿದಳು. "ಕೈಕಾಲ್ ತೊಳ್ಕಾ, ಮುದ್ದೆ ಇಕ್ತೀನಿ" ಎಂದಳು. ನನಗೆ ನನ್ನ ಚಿಂತೆಯೇ ಹತ್ತಿತು. ಅಕ್ಕನ ಮೇಲೆ ಪ್ರೀತಿಯಿಲ್ಲದೆ ಅಲ್ಲ. ಕೆಂದಿ ನಿಂತರೆ ಅವ್ವ ಕೆಂದಿಯನ್ನೇ ನಾಗಕ್ಕನ ಜೊತೆ ಅಟ್ಟುತ್ತಾಳೆ, ನನಗೆ ಇನ್ನೊಂದು ಕರು ಹುಟ್ಟಿ, ಬೆಳೆದು, ಕಡಸಾಗಿ, ಬೆದೆಗೆ ಬಂದು, ಅಷ್ಟರಲ್ಲಿ ಯಜಮಾನರು ರಿಟೈರಾಗಿರುತ್ತಾರೆ ಎಂದು ಲೆಕ್ಕ ಹಾಕಿದೆ.

ಮರುದಿನ ತುಂಬೆಯನ್ನು ಹಲಗೂರಿನ ದನದ ಆಸ್ಪತ್ರೆಗೆ ಹೊಡೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ಸಣ್ಣ ವಯಸ್ಸಿನವರು, ನಿಧಾನಸ್ಥರು. ಕೈಯಿಟ್ಟು ಪರೀಕ್ಷೆ ಮಾಡಿ, "ಗರ್ಭಕೋಶದಲ್ಲಿ ಏನೂ ದೋಷ ಇಲ್ಲವಲ್ಲ. ಏನು ಮೇಯಿಸ್ತಿದ್ರಿ?" ಎಂದರು.

"ಕಬ್ಬಿನ ಸೋಗೆ" ಎಂದಳು ನಾಗಕ್ಕ.

"ವರ್ಷಪೂರ್ತಿ ಅದೇನಾ?"

"ನಾಲೆ ಬಯ್ಲಲ್ಲಿ ಇನ್ನೇನದೆ ಸ್ವಾಮಿ. ಸುತ್ತ ಕಬ್ಬೇಯಾ."

ಬರೀ ಸೋಗೆ ತಿಂದರೆ ಹೊಟ್ಟೆ ತುಂಬುತ್ತದೆಯೇ ಹೊರತು ಮೈಗೆ ಹತ್ತುವುದಿಲ್ಲ, ಮೈ ಸೊರಗಿದರೆ ಬೆದೆಗೂ ಬರುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಅವ್ವ ತನ್ನ ಸೊಪ್ಪಿನ ವಿಚಾರ ಎತ್ತಿದಳು. ಬೈಯುತ್ತಾರೆಂದು ನಾನು ಕಾದಿದ್ದೆ. ಅವರು, "ಹಾಕಿ, ಒಳ್ಳೇದೇ. ಜೊತೆಗೆ ಹುರುಳಿ ಬೇಯಿಸಿ ಹಾಕಿ, ಹಸಿ ಹುಲ್ಲು ಮೇಯಿಸಿ" ಎಂದು ಖನಿಜದ ಪುಡಿಯ ಪೊಟ್ಟಣವನ್ನೂ ಕೊಟ್ಟರು.

ನಾಗಕ್ಕ ಹೊರಡಲಿಲ್ಲ. ನಿಂತೇ ಇದ್ದಳು. "ಅಂಗಾರೆ ಇದು ಗೊಡ್ಡಲ್ವಾ ಸ್ವಾಮಿ?" ಎಂದಳು.

"ಯಾರಮ್ಮ ಹಾಗಂದದ್ದು?" ಎಂದರು ಡಾಕ್ಟರು, ಕೈ ತೊಳೆಯುತ್ತಾ.

ಮನೆಗೆ ಮರಳುವಾಗ ಅವಳು ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ತುಂಬೆಯ ಪಕ್ಕದಲ್ಲೇ ನಡೆದಳು. ನಾನು ಎಂದಿನಂತೆ ಮುಂದೆ ಓಡಿ, ಹಿಂದೆ ತಿರುಗಿ ನಿಂತು, ಬೇಲಿಯ ನುಗ್ಗೆ ಕಿತ್ತು, ಮತ್ತೆ ಓಡುತ್ತಿದ್ದೆ.

ಆಮೇಲೆ ಕೊಟ್ಟಿಗೆಯಲ್ಲಿ ಎರಡು ಪಾಲು ಮದ್ದು ನಡೆಯಿತು, ಕೆಂದಿಗೆ ನಾನು, ತುಂಬೆಗೆ ನಾಗಕ್ಕ. ನಾನು ಗೊಟ್ಟ ಬಾಯಿಗಿಟ್ಟು ಒಂದೇ ಸಲ ಸುರಿಯುತ್ತಿದ್ದೆ. ಕೆಂದಿ ಕೆಮ್ಮಿ ಅರ್ಧ ರಸವನ್ನು ನನ್ನ ಸೀರೆಗೇ ಹಿಂತಿರುಗಿಸುತ್ತಿದ್ದಳು. ನಾಗಕ್ಕ ಮೊದಲು ತುಂಬೆಯ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರಿ, ಕಿವಿಯಲ್ಲಿ ಏನೋ ಹೇಳಿ, ಗುಟುಕು ಗುಟುಕಾಗಿ ಕುಡಿಸುತ್ತಿದ್ದಳು. ಏನು ಹೇಳುತ್ತೀಯಾ ಎಂದರೆ, "ನಮ್ಮಿಬ್ರ ಮಾತು, ನಿಂಗ್ಯಾಕೆ?" ಎನ್ನುತ್ತಿದ್ದಳು. ಗುಡ್ಡದ ಅಂಚಿನಲ್ಲಿ ಹತ್ತಾರು ಬಗೆಯ ಹುಲ್ಲು ಸೊಪ್ಪು ಮೇಯ್ದು ತುಂಬೆಯ ಮೈ ತುಂಬಿಕೊಂಡಿತು, ಕೂದಲಿಗೆ ಹೊಳಪು ಬಂತು. ಒಂದು ಬೆಳಿಗ್ಗೆ ಅದು ಊರಿಗೆಲ್ಲ ಕೇಳುವ ಹಾಗೆ ಅರಚಿತು. ನಾಗಕ್ಕ ಕಸಪೊರಕೆ ಬಿಸಾಡಿ ಓಡಿದಳು. ಅವಳು ಓಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅದೇ ವಾರ ಕೆಂದಿಯೂ ಬೆದೆಗೆ ಬಂದಳು. ಎರಡಕ್ಕೂ ಹೋರಿ ಕೊಡಿಸಿ ತಂದೆವು.

ಕಾಯುವುದು ಶುರುವಾಯಿತು. ಈಗ ಮನೆಯಲ್ಲಿ ಕೂರಲಾಗದವರು ಮೂವರು. ಅವ್ವ ನಡುಹಗಲಿನಲ್ಲಿ ಎದ್ದು ಎದ್ದು ಕೊಟ್ಟಿಗೆಗೆ ಹೋಗುವಳು. ನಾಗಕ್ಕ ತುಂಬೆಯ ಮುಖವನ್ನೇ ನೋಡುತ್ತಾ ನಿಲ್ಲುವಳು. ಮೂರು ವಾರ ತುಂಬುತ್ತಿದ್ದಂತೆ ಕೆಂದಿ ಗೂಟ ಕಿತ್ತುಕೊಂಡು ಅರಚಿದಳು. ತಿರುಗಿತು. ನಾನು ಹುಲ್ಲಿನ ಮೆದೆಯ ಹಿಂದೆ ಕೂತು ಅತ್ತೆ. ತುಂಬೆ ಮಾತ್ರ ಸುಮ್ಮನೆ ಮೆಲುಕು ಹಾಕುತ್ತಿತ್ತು. ಇನ್ನೊಂದು ಸುತ್ತು ಕಳೆಯಿತು. ಆಗಲೂ ಅದು ಸುಮ್ಮನಿತ್ತು. ಕೊನೆಗೆ ಡಾಕ್ಟರು ಕೈಯಿಟ್ಟು ನೋಡಿ, ಗಬ್ಬ ಎಂದರು. ಸೊಪ್ಪಿನಿಂದಲೋ, ಹುರುಳಿಯಿಂದಲೋ, ಪೊಟ್ಟಣದ ಪುಡಿಯಿಂದಲೋ, ಇಲ್ಲ ಆ ಊರು ಬಿಟ್ಟು ಬಂದದ್ದರಿಂದಲೋ ಹೇಳುವವರಾರು? ಅವ್ವ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾಗಕ್ಕ ತುಂಬೆಯ ಕತ್ತಿಗೆ ಹಣೆಯಿಟ್ಟು ಬಹಳ ಹೊತ್ತು ನಿಂತಿದ್ದಳು.

ಸುದ್ದಿ ಬಸ್ಸು ಹತ್ತಿ ಮದ್ದೂರಿಗೆ ಹೋಗುವುದಕ್ಕೆ ಎಷ್ಟು ಹೊತ್ತು? ಆ ವಾರವೇ ಬಾವ ಬಂದರು. ಗರಿಗರಿ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು.

"ಅಸ ಗಬ್ಬ ಅಂತೆ. ಒಡ್ಕಂಡ್ ಓಗಾಣ ಅಂತ ಬಂದೆ" ಎಂದರು. ಆಮೇಲೆ ನಾಗಕ್ಕನ ಕಡೆ ನೋಡಿ, "ನೀನೂ ಒರಡು" ಎಂದರು.

ಆ ಮಾತಿನ ಸರದಿ ಕೇಳಿ ನನಗೆ ಮೈಯೆಲ್ಲ ಉರಿಯಿತು. ನಾಗಕ್ಕ ಕೋಪ ಮಾಡಿಕೊಳ್ಳಲಿಲ್ಲ.

"ಅಸ ನಿಮ್ದಲ್ಲ ಅಂತ ನೀವೇ ಅಂದ್ರಿ. ನಾನೂ ಇಲ್ಲೇ ಇರ್ಬೇಕು ಅಂತಾನೂ ನೀವೇ ಅಂದ್ರಿ. ಊಟ ಮಾಡ್ಕಂಡ್ ಓಗಿ" ಎಂದಳು. ಕೊಟ್ಟಿಗೆಗೆ ಹೋಗಿ ತುಂಬೆಯ ಹಗ್ಗ ಬಿಚ್ಚಿ ತಂದು ನನ್ನ ಕೈಯಲ್ಲಿಟ್ಟಳು. "ಇದು ಇವ್ಳ ಬಳುವಳಿ" ಎಂದಳು.

ಅವ್ವ ಬಾವನಿಗೆ ಎಲೆ ಹಾಕಲು ಒಳಗೆ ಹೋದಳು. ಬಾವ ಉಂಡು ಹೊರಟರು. ಅವರಿಗೆ ಟಿಕೇಟು ಹರಿದವರು ನಮ್ಮ ಯಜಮಾನರೇ.

"ನಿಂಗೆ ಬ್ಯಾಡ್ವಾ ಅಕ್ಕ?" ಎಂದು ಕೇಳಿದೆ.

"ಇದು ಗೊಡ್ಡಲ್ಲ ಅಂತ ಅವರ್ಗೂ ಗೊತ್ತಾಯ್ತಲ್ಲ, ಸಾಕು ಬುಡು" ಎಂದಳು. ಅವಳು ಮತ್ತೆ ಆ ಊರಿಗೆ ಹೋಗಲೇ ಇಲ್ಲ.

ಹೀಗೆ ಅಂತೂ ನಾನು ಹೊರಟೆ. ಆದರೆ ತುಂಬೆ ನನ್ನ ಹಿಂದೆ ಬರಲು ಒಪ್ಪಲಿಲ್ಲ. ಹಗ್ಗ ನಾನು ಹಿಡಿದರೆ ನಾಲ್ಕೂ ಕಾಲೂರಿ ನಿಲ್ಲುತ್ತಿತ್ತು. ಕೊನೆಗೆ ನಾಗಕ್ಕನೇ ಮುಂದಾದಳು, ಅವಳ ಹಿಂದೆ ತುಂಬೆ, ತುಂಬೆಯ ಹಿಂದೆ ರೇಷ್ಮೆ ಸೀರೆಯಲ್ಲಿ ನಾನು, ದಾರಿಯುದ್ದಕ್ಕೂ ಬೇಗ ನಡೀರಿ ಎನ್ನುತ್ತಾ. ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳ ತುಂಬ ಹಕ್ಕಿಗಳು ಗೂಡು ಕಟ್ಟಿದ್ದವು. ಅದನ್ನು ದಾಟಿ ನಮ್ಮತ್ತೆಯ ಮನೆ ಮುಟ್ಟಿದಾಗ ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿದ್ದರು. ಹಸುವಿಗೆ ಆರತಿ ಎತ್ತಿ ಹಗ್ಗಕ್ಕೆ ಕೈಚಾಚಿದರು.

ನಾಗಕ್ಕ ಹಗ್ಗ ಕೊಡಲಿಲ್ಲ. "ಒಂದು ಮಾತದೆ ಕಣವ್ವ" ಎಂದಳು. "ಇದ್ನ ಒಂದು ಮನೇಲಿ ಗೊಡ್ಡು ಗೊಡ್ಡು ಅಂತಿದ್ರು. ನಿಮ್ಮನೇಲಿ ಆ ಮಾತ ಆಡ್ಬ್ಯಾಡಿ. ಈದ್ರೂ ಆಡ್ಬ್ಯಾಡಿ, ಈಯ್ದೆ ಇದ್ರೂ ಆಡ್ಬ್ಯಾಡಿ. ಮಾತು ಕೊಟ್ರೆ ಅಗ್ಗ ಕ್ವಡ್ತೀನಿ."

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಒಂದು ಹಸುವಿಗಾಗಿ ಇಷ್ಟು ಹಟವೇ ಎಂದು ನನಗೇ ನಾಚಿಕೆಯಾಯಿತು. ಒಳಗೆ ಹೋದರೆ ಸಾಕಾಗಿತ್ತು. ಅತ್ತೆ ತಟ್ಟೆ ಕೆಳಗಿಟ್ಟು, ತುಂಬೆಯ ಹಣೆಯ ಮೇಲೆ ಕೈಯಿಟ್ಟು, "ಆಡಾಕಿಲ್ಲ ಬುಡವ್ವ" ಎಂದರು. ಮರುದಿನ ನಾಗಕ್ಕ ಬಸ್ಸು ಹತ್ತಿ ಹಲಗೂರಿಗೆ ಹೋದಳು.

ತುಂಬೆ ಈದಿತು. ಗಿಣ್ಣು ತಿಂದೆವು. ಅದು ಇನ್ನೂ ಹಲವು ಸೂಲು ಕಂಡು, ಮುದಿಯಾಗಿ, ಒಂದು ಬೇಸಿಗೆಯಲ್ಲಿ ಸತ್ತುಹೋಯಿತು. ನನಗೆ ಮಕ್ಕಳಾಗಲಿಲ್ಲ. ಮಂಡ್ಯದ ಡಾಕ್ಟರು, ಮೈಸೂರಿನ ಡಾಕ್ಟರು, ಹರಕೆ, ಎಲ್ಲ ಆಯಿತು, ಆಗಲಿಲ್ಲ. ನಮ್ಮತ್ತೆಯ ನಾಲಿಗೆ ಸುಮ್ಮನೆ ಇರುವಂಥದ್ದಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಬೈಗುಳ, ಕಡಿಮೆಯಾದರೂ ಬೈಗುಳ, ಬೇಗ ನಡೆದರೂ ಬೈಗುಳ. ನಾನೂ ಬಿಡುತ್ತಿರಲಿಲ್ಲ. ತುಂಬೆ ಸತ್ತು ಎಷ್ಟೋ ವರ್ಷವಾದ ಮೇಲೆ ಒಂದು ದಿನ ನಮ್ಮಿಬ್ಬರಿಗೂ ದೊಡ್ಡ ಜಗಳವಾಯಿತು. ಯಾತಕ್ಕೆ ಎಂಬುದೂ ಮರೆತಿದೆ. ನಾನು ಆಡಬಾರದ್ದನ್ನೆಲ್ಲ ಆಡಿದೆ. ಅತ್ತೆ ಕೆಂಡವಾಗಿ, "ನೀನೊಬ್ಳು..." ಎಂದು ಶುರುಮಾಡಿದರು. ಮುಂದಿನ ಮಾತು ಅವರ ಬಾಯಿಯ ಆಕಾರದಲ್ಲೇ ನನಗೆ ಕಂಡುಬಿಟ್ಟಿತು. ನಾನು ಗೋಡೆ ಹಿಡಿದುಕೊಂಡೆ.

ಅವರು ಬಾಯಿ ಮುಚ್ಚಿಕೊಂಡರು. ಹೊಸಲಿನ ಮೇಲೆ ಕೂತು ಎಲೆಯಡಿಕೆ ಚೀಲ ಬಿಚ್ಚಿದರು.

"ನಿಮ್ಮಕ್ಕಂಗೆ ಮಾತು ಕೊಟ್ಬುಟ್ಟಿವ್ನಿ" ಎಂದರು.

"ಆ ಅಸ ಸತ್ತೋಗಿ ಯಾವ ಕಾಲ ಆಯ್ತು ಅತ್ತೆ" ಎಂದೆ.

ಅತ್ತೆ ಎಲೆಯ ತೊಟ್ಟು ಮುರಿಯುತ್ತಾ ನನ್ನ ಕಡೆ ನೋಡಿದರು. "ಅವ್ಳು ಆ ಮಾತ ದನಕ್ಕೋಸ್ಕರ ಕೇಳಿದ್ಲು ಅನ್ಕಂಡಿದ್ದೀಯಾ ನೀನು?" ಎಂದರು.